ಗೆದ್ದ ಮೇಲೂ ಕಪ್ಪ ಕಳಿಸಿದ್ದು ಯಾಕೆ? ಚೀನಾ–ವಿಯೆಟ್ನಾಂ ಪ್ರಶ್ನೋತ್ತರ

ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಪದವಿ ಕಾಲೇಜಿನಲ್ಲಿ ಏಷ್ಯಾದ ಇತಿಹಾಸ ಪಾಠ ಮಾಡುವ ಅಧ್ಯಾಪಕಿ.

ಪ್ರಶ್ನೆ (ಹನೋಯ್‌ನಲ್ಲಿರುವ ಎಂಜಿನಿಯರ್, ಊರು ದಾವಣಗೆರೆ): ನಮಸ್ಕಾರ ಮೇಡಂ. ಎರಡು ವರ್ಷದಿಂದ ಇಲ್ಲಿ ಕೆಲಸದಲ್ಲಿದ್ದೇನೆ. ಹನೋಯ್‌ನ ದೊಡ್ಡ ರಸ್ತೆಗಳಿಗೆಲ್ಲ ಚೀನಾದ ವಿರುದ್ಧ ಹೋರಾಡಿದವರ ಹೆಸರು. ಹಾಯ್ ಬಾ ಟ್ರುಂಗ್, ನ್ಗೊ ಕ್ವೆನ್, ಟ್ರಾನ್ ಹುಂಗ್ ಡಾವ್, ಕ್ವಾಂಗ್ ಟ್ರುಂಗ್. ಆದರೆ ಹಳೇ ದೇವಸ್ಥಾನಕ್ಕೆ ಹೋದರೆ ಕಂಬದ ತುಂಬ ಚೀನೀ ಅಕ್ಷರ. ಹೊಸ ವರ್ಷವೂ ಹೆಚ್ಚುಕಡಿಮೆ ಅವರದ್ದೇ. ಇದು ದ್ವೇಷವೋ, ನಂಟೋ? ಎಲ್ಲಿಂದ ಶುರುವಾಯಿತು?

ಉತ್ತರ: ನಮಸ್ಕಾರ. ನೀವು ದಿನಾ ನೋಡುವ ಆ ಕಂಬ ಮತ್ತು ಆ ರಸ್ತೆಯ ಬೋರ್ಡು, ಎರಡರ ಬೇರೂ ಒಂದೇ ಕಡೆ ಇದೆ.

ಕ್ರಿ.ಪೂ. 111ರಲ್ಲಿ ಚೀನಾದ ಹಾನ್ ವಂಶದ ಚಕ್ರವರ್ತಿ ವೂ ಕಳಿಸಿದ ಸೈನ್ಯ ನಾಮ್ ವಿಯೆಟ್ ಎಂಬ ರಾಜ್ಯವನ್ನು ಗೆದ್ದಿತು. ಈಗಿನ ದಕ್ಷಿಣ ಚೀನಾದ ಒಂದು ಭಾಗ, ಉತ್ತರ ವಿಯೆಟ್ನಾಂ ಎರಡೂ ಅದರಲ್ಲಿದ್ದವು. ಅಲ್ಲಿಂದ ಕ್ರಿ.ಶ. 938ರವರೆಗೆ, ನಡುವಿನ ಕೆಲವು ಬಿಡುವುಗಳನ್ನು ಬಿಟ್ಟರೆ, ಹನೋಯ್ ಸುತ್ತಲಿನ ಕೆಂಪು ನದಿಯ ಬಯಲು ಚೀನಾದ ಆಳ್ವಿಕೆಯಲ್ಲೇ ಇತ್ತು. ಸಾವಿರ ವರ್ಷ! ಪ್ಲಾಸಿ ಕದನದಿಂದ ಲೆಕ್ಕ ಹಾಕಿದರೂ ನಮ್ಮಲ್ಲಿ ಬ್ರಿಟಿಷರ ಆಳ್ವಿಕೆ ಇನ್ನೂರು ವರ್ಷ ತುಂಬಲಿಲ್ಲ. ಸಾವಿರ ವರ್ಷದಲ್ಲಿ ಅಕ್ಷರ ಬಂತು, ಪಂಚಾಂಗ ಬಂತು, ಹಿರಿಯರ ಪೂಜೆಯ ಕ್ರಮ ಬಂತು, ಕಚೇರಿ ನಡೆಸುವ ರೀತಿ ಬಂತು. ಬೌದ್ಧ ಧರ್ಮವೂ ಬಂತು, ಆದರೆ ಅದು ಉತ್ತರದಿಂದಷ್ಟೇ ಅಲ್ಲ, ಸಮುದ್ರದ ದಾರಿಯಲ್ಲಿ ನಮ್ಮ ಕಡೆಯಿಂದ ನೇರವಾಗಿಯೂ ಹೋಗಿತ್ತು.

ಇದೇ ಸಾವಿರ ವರ್ಷದಲ್ಲಿ ದಂಗೆಗಳೂ ಆದವು. ನೀವು ಹೇಳಿದ ಹಾಯ್ ಬಾ ಟ್ರುಂಗ್ ಅಂದರೆ 'ಇಬ್ಬರು ಟ್ರುಂಗ್ ಅಮ್ಮಂದಿರು'. ಕ್ರಿ.ಶ. 40ರಲ್ಲಿ ಅಕ್ಕತಂಗಿ ಇಬ್ಬರೂ ದಂಡು ಕಟ್ಟಿ ಚೀನಾದ ಅಧಿಕಾರಿಯನ್ನು ಓಡಿಸಿದರು. ಮೂರು ವರ್ಷ ಆಳಿದರು. 43ರಲ್ಲಿ ಸೇನಾಪತಿ ಮಾ ಯುವಾನ್ ಬಂದು ಅಡಗಿಸಿದ. ಅವರ ತಲೆ ಕಡಿದು ರಾಜಧಾನಿಗೆ ಕಳಿಸಿದೆವು ಎನ್ನುತ್ತದೆ ಚೀನೀ ದಾಖಲೆ. ಶತ್ರುವಿನ ಕೈಗೆ ಸಿಗದೆ ನದಿಗೆ ಹಾರಿದರು ಎನ್ನುತ್ತಾರೆ ವಿಯೆಟ್ನಾಂ ಜನ. ಇವತ್ತಿಗೂ ಆ ಅಕ್ಕತಂಗಿಗೆ ಗುಡಿ ಇದೆ, ಪೂಜೆ ಇದೆ. ಸೋತವರನ್ನು ಎರಡು ಸಾವಿರ ವರ್ಷ ನೆನಪಿಟ್ಟುಕೊಂಡ ಜನ ಅವರು.

679ರಲ್ಲಿ ಚೀನಾದ ಟಾಂಗ್ ವಂಶದ ಅರಸರು ಈ ಪ್ರಾಂತ್ಯಕ್ಕೆ ಆನ್ ನಾಮ್ ಎಂದು ಹೆಸರಿಟ್ಟರು. 'ಶಾಂತಗೊಳಿಸಿದ ದಕ್ಷಿಣ' ಎಂದು ಅರ್ಥ. ಹೆಸರನ್ನು ಸ್ವಲ್ಪ ಗಮನಿಸಿ. ಯಾರ ದಕ್ಷಿಣ? ಯಾರು ಶಾಂತಗೊಳಿಸಿದ್ದು? ಈ ಇಡೀ ಕಥೆಯಲ್ಲಿ ನನಗೆ ಯುದ್ಧಗಳಿಗಿಂತ ಜಾಸ್ತಿ ಹಿಡಿಸುವುದು ಈ ಹೆಸರುಗಳೇ. ಮುಂದೆಯೂ ಅವು ಬರುತ್ತವೆ.

ಕೊನೆಗೆ 938. ಬಾಕ್ ಡಾಂಗ್ ನದಿಯ ತಳದಲ್ಲಿ ನ್ಗೊ ಕ್ವೆನ್ ಎಂಬ ನಾಯಕ ಕಬ್ಬಿಣದ ಮೊನೆಯ ಮರದ ಗೂಟಗಳನ್ನು ನೆಡಿಸಿದ. ಸಮುದ್ರದ ಉಬ್ಬರವಿದ್ದಾಗ ಗೂಟ ಕಾಣುವುದಿಲ್ಲ. ಆಗ ಚೀನಾ ಕಡೆಯ ಹಡಗುಗಳನ್ನು ಕೆಣಕಿ ಒಳಗೆ ಎಳೆದುಕೊಂಡರು. ಇಳಿತ ಶುರುವಾಯಿತು, ಭಾರದ ಹಡಗುಗಳು ಗೂಟಕ್ಕೆ ಸಿಕ್ಕಿ ನಿಂತವು. ಸಾವಿರ ವರ್ಷದ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ (ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಬೆಳಗಾವಿ ಜಿಲ್ಲೆ): ಮೇಡಂ, 938ರಲ್ಲಿ ಸ್ವತಂತ್ರರಾದರು ಅಂದಿರಿ. ಆದರೆ ಆಮೇಲೂ ಒಂಬತ್ತು ನೂರು ವರ್ಷ ಚೀನಾಗೆ ಕಪ್ಪ ಕಳಿಸುತ್ತಿದ್ದರು ಅಂತ ಓದಿದೆ. ನಮ್ಮ ಕಡೆ ಕಪ್ಪ ಅಂದ ಕೂಡಲೇ ಕಿತ್ತೂರು ಚೆನ್ನಮ್ಮ ನೆನಪಾಗುತ್ತಾಳೆ. ಗೆದ್ದವರು ಕಪ್ಪ ಯಾಕೆ ಕೊಡಬೇಕು? ಅದು ಅವಮಾನ ಅಲ್ವಾ?

ಉತ್ತರ: ಎಷ್ಟು ಒಳ್ಳೆ ಪ್ರಶ್ನೆ ಕೇಳಿದಿರಮ್ಮ. ಕಿತ್ತೂರಿನ ನೆಲದಿಂದ ಬಂದವರಿಗೆ ಈ ಪ್ರಶ್ನೆ ಬರಲೇಬೇಕು.

ಮೊದಲು 'ಕಪ್ಪ' ಎಂಬ ಮಾತನ್ನು ಸ್ವಲ್ಪ ಬಿಡಿಸೋಣ. ಕಿತ್ತೂರಿನ ಮುಂದಿದ್ದದ್ದು ಸಂಸ್ಥಾನವನ್ನೇ ನುಂಗಲು ಬಂದ ಕಂಪನಿ. ದತ್ತು ಮಗನಿಗೆ ಹಕ್ಕಿಲ್ಲ, ಖಜಾನೆ ನಮ್ಮದು ಎಂದಿತು. ಚೀನಾಕ್ಕೆ ಹೋಗುತ್ತಿದ್ದ ಕಾಣಿಕೆ ಆ ಜಾತಿಯದಲ್ಲ. ಕೆಲವು ವರ್ಷಕ್ಕೊಮ್ಮೆ ರಾಯಭಾರಿಗಳ ತಂಡ ಗಡಿ ದಾಟಿ ಬೀಜಿಂಗ್‌ಗೆ ಹೋಗುತ್ತಿತ್ತು. ಆನೆ ದಂತ, ಖಡ್ಗಮೃಗದ ಕೊಂಬು, ಸುಗಂಧದ ಮರ, ಬೆಳ್ಳಿ ಬಂಗಾರದ ಪಾತ್ರೆ ಒಯ್ಯುತ್ತಿದ್ದರು. ಚಕ್ರವರ್ತಿಯ ಎದುರು ಅಡ್ಡಬೀಳುತ್ತಿದ್ದರು. ವಾಪಸ್ ಬರುವಾಗ ರೇಷ್ಮೆ ತರುತ್ತಿದ್ದರು. ದಾರಿಯುದ್ದಕ್ಕೂ ವ್ಯಾಪಾರ ಆಗುತ್ತಿತ್ತು, ಪುಸ್ತಕ ಬರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ 'ನೀನು ನಿಜವಾದ ರಾಜ' ಎಂಬ ಮುದ್ರೆ ಸಿಗುತ್ತಿತ್ತು. ಒಳಗೆ ಸಿಂಹಾಸನಕ್ಕೆ ಕಚ್ಚಾಡುವವರು ಇದ್ದಾಗ ಆ ಮುದ್ರೆಗೆ ಬಹಳ ಬೆಲೆ. ತೆರಿಗೆ ವಸೂಲಿಗೆ ಚೀನಾದ ಅಮಲ್ದಾರ ಬರುತ್ತಿರಲಿಲ್ಲ. ಹಳ್ಳಿಯ ಗದ್ದೆಯಲ್ಲಿ ದುಡಿಯುವವನಿಗೆ ಇದರಿಂದ ಏನೂ ಬದಲಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಕೇಳಿ. ಬೀಜಿಂಗ್‌ಗೆ ಬರೆಯುವ ಪತ್ರದಲ್ಲಿ ಅವರು 'ಆನ್ ನಾಮ್ ದೇಶದ ರಾಜ'. ತಮ್ಮ ಜನರ ಎದುರು, ತಮ್ಮ ಆಜ್ಞಾಪತ್ರಗಳಲ್ಲಿ ಅವರೇ 'ಚಕ್ರವರ್ತಿ'. ಒಬ್ಬನೇ ಮನುಷ್ಯ, ಎರಡು ಬಿರುದು. ಚೀನಾದವರಿಗೂ ಇದು ಗೊತ್ತಿತ್ತು. ಕಾಗದದ ಮೇಲೆ ಮರ್ಯಾದೆ ಉಳಿದರೆ ಸಾಕು ಎಂದು ಸಾಮಾನ್ಯವಾಗಿ ಸುಮ್ಮನಿದ್ದರು.

ಈಗ ಗೆದ್ದ ಮೇಲಿನ ಮಾತು. ಮಂಗೋಲರು 1258, 1285, 1287–88, ಹೀಗೆ ಮೂರು ಸಲ ನುಗ್ಗಿದರು. ಕೊನೆಯ ಸಲ ವಿಯೆಟ್ನಾಂ ಸೇನಾಪತಿ ಟ್ರಾನ್ ಹುಂಗ್ ಡಾವ್ ಅದೇ ಬಾಕ್ ಡಾಂಗ್ ನದಿಯಲ್ಲಿ ಅದೇ ಗೂಟದ ಉಪಾಯ ಮಾಡಿ ಅವರ ಹಡಗುಪಡೆಯನ್ನು ಮುಗಿಸಿದ. ಆಮೇಲೆ? ವಿಯೆಟ್ನಾಂ ದೊರೆ, ಆಗ ಚೀನಾವನ್ನು ಆಳುತ್ತಿದ್ದ ಮಂಗೋಲ್ ಚಕ್ರವರ್ತಿ ಕುಬ್ಲಾಯ್ ಖಾನನಿಗೆ ರಾಯಭಾರಿಗಳ ಕೈಲಿ ಕಾಣಿಕೆ ಕಳಿಸಿದ.

1407ರಲ್ಲಿ ಚೀನಾದ ಮಿಂಗ್ ವಂಶದ ಸೈನ್ಯ ಬಂದು ಇಪ್ಪತ್ತು ವರ್ಷ ಕೂತಿತು. ಇದು ನಿಜಕ್ಕೂ ಕಹಿ ಕಾಲ. ಪುಸ್ತಕಗಳನ್ನು ಸುಟ್ಟರು, ಒಯ್ದರು. ಕುಶಲಕರ್ಮಿಗಳನ್ನು ಎಳೆದುಕೊಂಡು ಹೋದರು. ಬೀಜಿಂಗ್‌ನ ಕೋಟೆ ಬಾಗಿಲು, ಅರಮನೆಯ ಸಭಾಂಗಣಗಳ ಕೆಲಸ ಮಾಡಿಸಿದ ನ್ಗುಯೆನ್ ಆನ್ ಎಂಬ ನಪುಂಸಕ ಅಧಿಕಾರಿ ವಿಯೆಟ್ನಾಂನಲ್ಲಿ ಹುಟ್ಟಿದವನು. ಕೊನೆಗೆ ಲೆ ಲೋಯ್ ಎಂಬ ನಾಯಕ ಹತ್ತು ವರ್ಷ ಕಾಡು ಬೆಟ್ಟಗಳಲ್ಲಿ ಹೋರಾಡಿ 1427ರಲ್ಲಿ ಮಿಂಗ್ ಪಡೆಯನ್ನು ಸೋಲಿಸಿದ. ಸಿಕ್ಕಿಬಿದ್ದ ಸೈನಿಕರನ್ನು ಕೊಂದು ಹಾಕಿ ಎಂದು ಅವನ ಕಡೆಯವರು ಒತ್ತಾಯಿಸಿದರು. ಅವರ ಸಿಟ್ಟಿಗೆ ಕಾರಣವೂ ಇತ್ತು. ಆದರೆ ಲೆ ಲೋಯ್ ಮತ್ತು ಅವನ ಮಂತ್ರಿ, ಕವಿ ನ್ಗುಯೆನ್ ಟ್ರಾಯ್ ಬೇರೆ ದಾರಿ ಹಿಡಿದರು. ಸೋತ ಸೈನ್ಯಕ್ಕೆ ದೋಣಿ, ಕುದುರೆ, ದಾರಿಗೆ ಅಕ್ಕಿ ಕೊಟ್ಟು ಮನೆಗೆ ಕಳಿಸಿದರು! ಜೊತೆಗೆ ಮಿಂಗ್ ಆಸ್ಥಾನಕ್ಕೆ ಬಂಗಾರದ ಮನುಷ್ಯ ಬೊಂಬೆಗಳನ್ನೂ ಕಳಿಸಿದರು. ಯುದ್ಧದಲ್ಲಿ ಸತ್ತ ಚೀನೀ ಸೇನಾಪತಿಯ ಬದಲಿಗೆ ಎಂದು ವಿಯೆಟ್ನಾಂನಲ್ಲಿ ಈಗಲೂ ಹೇಳುತ್ತಾರೆ.

1789 ಇನ್ನೂ ಸೊಗಸು. ಹೊಸ ವರ್ಷದ ಹಬ್ಬದ ದಿನಗಳಲ್ಲಿ ಚೀನಾದ ಚಿಂಗ್ ವಂಶದ ಸೈನ್ಯ ಹನೋಯ್‌ನಲ್ಲಿ ಮೈಮರೆತಿತ್ತು. ವಿಯೆಟ್ನಾಂ ದೊರೆ ಕ್ವಾಂಗ್ ಟ್ರುಂಗ್ ತನ್ನ ಪಡೆಗೆ ಮೊದಲೇ ಹಬ್ಬ ಮಾಡಿಸಿ, ಆನೆಗಳ ಸಮೇತ ಮೇಲೆ ಬಿದ್ದ. ಚಿಂಗ್ ಪಡೆ ಚೆಲ್ಲಾಪಿಲ್ಲಿ. ಮರುವರ್ಷ ಚಿಯೆನ್‌ಲಾಂಗ್ ಚಕ್ರವರ್ತಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ 'ಕ್ವಾಂಗ್ ಟ್ರುಂಗ್' ಕಾಣಿಕೆ ಹಿಡಿದು ಹೋಗಿ ಅಡ್ಡಬಿದ್ದ. ಹೋದವನು ರಾಜನಲ್ಲ, ರಾಜನ ವೇಷದ ಇನ್ನೊಬ್ಬ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಚಕ್ರವರ್ತಿ ಸಂತೋಷದಿಂದ ಬರಮಾಡಿಕೊಂಡು ಉಡುಗೊರೆ ಕೊಟ್ಟ. ಸೋಲಿನ ಮಾತು ಯಾರೂ ಎತ್ತಲಿಲ್ಲ.

ಅವಮಾನ ಅಲ್ವಾ ಅಂದಿರಿ. ನನಗೆ ಹಾಗನ್ನಿಸುವುದಿಲ್ಲ. ಪಕ್ಕದ ಹೊಲದವನ ಜೊತೆ ಬೇಲಿ ಜಗಳದಲ್ಲಿ ನೀವು ಗೆದ್ದಿರಿ ಅಂದುಕೊಳ್ಳಿ. ಅವನು ನಿಮಗಿಂತ ಹತ್ತು ಪಟ್ಟು ದೊಡ್ಡ ಜಮೀನ್ದಾರ. ನೀವು ಹೊಲ ಹೊತ್ತುಕೊಂಡು ಬೇರೆ ಊರಿಗೆ ಹೋಗಲಾರಿರಿ. ನಾಳೆ ಬೆಳಿಗ್ಗೆಯೂ ಅವನ ಮುಖ ನೋಡಲೇಬೇಕು. ಸಂತೆಯಲ್ಲಿ ಅವನ ಸೋಲನ್ನು ಸಾರಿದರೆ ಮಾನ ಉಳಿಸಿಕೊಳ್ಳಲಿಕ್ಕಾದರೂ ಅವನು ಇನ್ನೊಮ್ಮೆ ಬರುತ್ತಾನೆ. ಲೆ ಲೋಯ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ ಆ ದೋಣಿ, ಕುದುರೆ, ಅಕ್ಕಿಯ ಲೆಕ್ಕ ಗೆದ್ದ ಯುದ್ಧಕ್ಕಿಂತ ದೊಡ್ಡದು ಎಂದು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಯಾಕೆಂದರೆ ಅದಾದ ಮೇಲೆ 1788ರವರೆಗೆ, ಅಂದರೆ ಮುನ್ನೂರ ಅರವತ್ತು ವರ್ಷ, ಚೀನಾದ ದೊಡ್ಡ ದಂಡು ವಿಯೆಟ್ನಾಂ ಮೇಲೆ ಬಂದು ಕೂರಲಿಲ್ಲ.

ಪ್ರತಿಕ್ರಿಯೆ (ನಿವೃತ್ತ ಬ್ಯಾಂಕ್ ನೌಕರ, ಮೈಸೂರು): ಮೇಡಂ, ಒಪ್ಪಲು ಕಷ್ಟ. ನೀವು ಹೆದರಿಕೆಗೆ ಬುದ್ಧಿವಂತಿಕೆ ಎಂದು ಹೆಸರಿಡುತ್ತಿದ್ದೀರಿ ಅನ್ನಿಸುತ್ತದೆ.

ಉತ್ತರ: ಸರ್, ಹೆದರಿಕೆ ಇತ್ತು. ಇಲ್ಲ ಅನ್ನುವುದಿಲ್ಲ. ಆದರೆ ಹೆದರಿದವರು ಇಪ್ಪತ್ತು ವರ್ಷದ ಆಳ್ವಿಕೆಯ ವಿರುದ್ಧ ಕತ್ತಿ ಎತ್ತುವುದಿಲ್ಲ. ಮೊದಲು ಕತ್ತಿ, ಆಮೇಲೆ ಕಾಣಿಕೆ. ಈ ಕ್ರಮ ನೋಡಿ. ಕತ್ತಿ ಇಲ್ಲದೆ ಬರೀ ಕಾಣಿಕೆ ಕಳಿಸಿದ್ದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ನಿಮ್ಮ ಅನುಮಾನಕ್ಕೆ ಒಂದು ಆಧಾರ ನಾನೇ ಕೊಡುತ್ತೇನೆ. ಒಳಜಗಳದಲ್ಲಿ ಸೋಲುತ್ತಿದ್ದ ಅರಸರು ಚೀನಾದ ಸೈನ್ಯವನ್ನು ತಾವೇ ಕರೆಸಿಕೊಂಡದ್ದೂ ಉಂಟು. 1788ರಲ್ಲಿ ಚಿಂಗ್ ಪಡೆ ಬಂದದ್ದು ಲೆ ಲೋಯ್ ಕಟ್ಟಿದ ಲೆ ವಂಶದ ಕೊನೆಯ ದೊರೆ ಕರೆದಿದ್ದಕ್ಕೇ. ಆ ದೊರೆಯ ಹೆಸರು ಹೇಳಿದರೆ ಅಲ್ಲಿಯ ಜನಕ್ಕೆ ಇವತ್ತಿಗೂ ಮೈ ಉರಿಯುತ್ತದೆ.

ಪ್ರಶ್ನೆ (ಹೈಸ್ಕೂಲ್ ಕನ್ನಡ ಶಿಕ್ಷಕಿ, ಶಿರಸಿ): ಅಷ್ಟು ಕಾಲ ಚೀನೀ ಅಕ್ಷರ ಬಳಸಿದರು ಅಂದಿರಿ. ಈಗ ಇಂಗ್ಲಿಷ್ ಅಕ್ಷರದ ಹಾಗೆ ಕಾಣುತ್ತದಲ್ಲ? ಅವರ ನುಡಿ ಹೇಗೆ ಉಳಿಯಿತು?

ಉತ್ತರ: ಮಾತು ಉಳಿಯಿತು, ಬರಹ ಎರಡು ಸಲ ಬದಲಾಯಿತು. ಮೊದಲು ಚೀನೀ ಬರಹ. ಆಮೇಲೆ ತಮ್ಮ ಮಾತಿಗೆಂದೇ ಚೀನೀ ಅಕ್ಷರಗಳನ್ನು ಕೂಡಿಸಿ ನೋಮ್ ಎಂಬ ಲಿಪಿ ಮಾಡಿಕೊಂಡರು. 17ನೇ ಶತಮಾನದಲ್ಲಿ ಕ್ರೈಸ್ತ ಪಾದ್ರಿಗಳು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮ ಮಾಡಿದರು. 1651ರಲ್ಲಿ ಅಲೆಕ್ಸಾಂಡರ್ ದ ರೋಡ್ಸ್ ಅವರ ನಿಘಂಟು ರೋಮ್‌ನಲ್ಲಿ ಅಚ್ಚಾಯಿತು. ಫ್ರೆಂಚರ ಕಾಲದಲ್ಲಿ ಅದು ಶಾಲೆಗೆ ಬಂತು. ಚೀನೀ ಮಾದರಿಯ ಸರ್ಕಾರಿ ಪರೀಕ್ಷೆ ಕೊನೆಯ ಸಲ ನಡೆದದ್ದು 1919ರಲ್ಲಿ, ಹುವೆ ನಗರದಲ್ಲಿ. ಕನ್ನಡದಲ್ಲಿ ಸಂಸ್ಕೃತದ ಮಾತುಗಳು ಬೆರೆತಿರುವ ಹಾಗೆ ಅವರಲ್ಲಿ ಚೀನೀ ಮೂಲದ ಮಾತುಗಳು ಬೆರೆತಿವೆ. ವ್ಯಾಕರಣ ಮಾತ್ರ ಅವರದ್ದೇ. ಕನ್ನಡ ಮೇಷ್ಟ್ರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ?

ಒಂದು ಚಂದದ ಸಂಗತಿ. 1597ರಲ್ಲಿ ವಿಯೆಟ್ನಾಂ ರಾಯಭಾರಿ ಫುಂಗ್ ಖಾಕ್ ಖೊವಾನ್ ಬೀಜಿಂಗ್‌ನಲ್ಲಿ ಕೊರಿಯಾದ ರಾಯಭಾರಿ ಯಿ ಸು ಗ್ವಾಂಗ್ ಅವರನ್ನು ಕಂಡ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಇಬ್ಬರೂ ಕುಂಚ ಹಿಡಿದು ಚೀನೀ ಅಕ್ಷರದಲ್ಲಿ ಬರೆದು ಮಾತಾಡಿದರು, ಪದ್ಯ ಬರೆದು ಕೊಟ್ಟುಕೊಂಡರು. ದೊಡ್ಡ ನೆರೆಯ ಲಿಪಿ ಇಬ್ಬರು ಸಣ್ಣವರ ಸ್ನೇಹಕ್ಕೆ ಸೇತುವೆಯಾಯಿತು.

ಪಂಚಾಂಗದಲ್ಲೂ ಸಣ್ಣ ವ್ಯತ್ಯಾಸ ಉಳಿಸಿಕೊಂಡಿದ್ದಾರೆ. ಚೀನಾದವರ ಮೊಲದ ವರ್ಷ ಇವರಿಗೆ ಬೆಕ್ಕಿನ ವರ್ಷ. ಅವರ ಎತ್ತಿನ ವರ್ಷ ಇವರಿಗೆ ಎಮ್ಮೆಯದು.

ಪ್ರಶ್ನೆ (ಪದವಿ ವಿದ್ಯಾರ್ಥಿ, ಹಾಸನ): ಮೇಡಂ, ಹಾಗಾದರೆ ವಿಯೆಟ್ನಾಂ ಯಾವಾಗಲೂ ಪೆಟ್ಟು ತಿಂದ ಬಡಪಾಯಿ ದೇಶವಾ?

ಉತ್ತರ: ಇಲ್ಲಪ್ಪ. ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಈಗಿನ ಮಧ್ಯ ವಿಯೆಟ್ನಾಂನಲ್ಲಿ ಚಂಪಾ ಎಂಬ ನಾಡಿತ್ತು. ಚಾಮ್ ಜನರದ್ದು. ಸಂಸ್ಕೃತ ಶಾಸನ ಕೆತ್ತಿಸಿದವರು, ಶಿವನನ್ನು ಪೂಜಿಸಿದವರು. ಮಿ ಸನ್ ಎಂಬಲ್ಲಿ ಇಟ್ಟಿಗೆಯ ಶಿವ ದೇವಾಲಯಗಳಿವೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದ್ದಾರೆ. 2020ರಲ್ಲಿ ಅವರಿಗೆ ಮರಳುಗಲ್ಲಿನ ಒಂದು ಇಡಿಯ ಶಿವಲಿಂಗ ಸಿಕ್ಕಿತು. ಚಂಪಾದ ಊರುಗಳ ಹೆಸರು ಕೇಳಿ: ಇಂದ್ರಪುರ, ಸಿಂಹಪುರ, ವಿಜಯ, ಪಾಂಡುರಂಗ. ಹೌದು, ಪಾಂಡುರಂಗ! ಈಗಿನ ಫಾನ್ ರಾಂಗ್ ನಗರದ ಹೆಸರು ಅದರಿಂದಲೇ ಬಂದದ್ದು.

1471ರಲ್ಲಿ ವಿಯೆಟ್ನಾಂನ ಲೆ ವಂಶದ ದೊರೆ ವಿಜಯವನ್ನು ಹಿಡಿದು ನೆಲಸಮ ಮಾಡಿದ. ಚೀನಾದವರಿಗೆ ಬಂಗಾರದ ಬೊಂಬೆ ಕಳಿಸುತ್ತಿದ್ದ ಅದೇ ವಂಶ. ಉಳಿದಿದ್ದ ಪಾಂಡುರಂಗವನ್ನು 1832ರಲ್ಲಿ ಮಿನ್ ಮಾಂಗ್ ಎಂಬ ಅರಸ ನುಂಗಿದ. ಅವನೇ ಕಾಂಬೋಡಿಯಾವನ್ನೂ ತನ್ನ ಪ್ರಾಂತ್ಯ ಮಾಡಿಕೊಳ್ಳಲು ಹೊರಟ. ಅಲ್ಲಿಯ ಅಧಿಕಾರಿಗಳು ವಿಯೆಟ್ನಾಂ ಉಡುಪು ಹಾಕಬೇಕು, ವಿಯೆಟ್ನಾಂ ರೀತಿ ಕಲಿಯಬೇಕು ಎಂದ. ಅದಕ್ಕೆ ಇಟ್ಟ ಹೆಸರು ಟ್ರಾನ್ ತಾಯ್. 'ಅಡಗಿಸಿದ ಪಶ್ಚಿಮ'.

ಈಗ ಚೀನಾ–ವಿಯೆಟ್ನಾಂ ಗಡಿಯ ದೊಡ್ಡ ಹೆಬ್ಬಾಗಿಲನ್ನು ನೋಡಿ. ರಾಯಭಾರಿಗಳು ಹೋಗುತ್ತಿದ್ದ ದಾರಿ ಅದು. ಅದರ ಹಳೇ ಚೀನೀ ಹೆಸರು ಝೆನ್ ನಾನ್, 'ದಕ್ಷಿಣವನ್ನು ಅಡಗಿಸುವ ಬಾಗಿಲು'. ಝೆನ್ ಮತ್ತು ಟ್ರಾನ್ ಒಂದೇ ಅಕ್ಷರ, ಉಚ್ಚಾರ ಬೇರೆ ಅಷ್ಟೇ. ಉತ್ತರದವನು ತನಗೆ ಇಟ್ಟ ಹೆಸರಿನಿಂದ ನೊಂದವನು ಅದೇ ಅಕ್ಷರವನ್ನು ಪಶ್ಚಿಮದವನ ಹಣೆಗೆ ಹಚ್ಚಿದ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ತುಂಬ ಬೇಸರವಾಗಿತ್ತು. ಕಾಂಬೋಡಿಯಾದ ಜನ ದಂಗೆ ಎದ್ದರು, 1840ರ ದಶಕದಲ್ಲಿ ವಿಯೆಟ್ನಾಂ ಹಿಂದೆ ಸರಿಯಿತು. ಆ ಕಹಿ ಕಾಂಬೋಡಿಯಾದಲ್ಲಿ ಇಂದಿಗೂ ಇದೆ.

ವಿಯೆಟ್ನಾಂ ಎಂಬ ಹೆಸರು ಬಂದದ್ದೂ ಇದೇ ಕಾಲದಲ್ಲಿ. ಮಿನ್ ಮಾಂಗನ ತಂದೆ ಜಾ ಲಾಂಗ್ 1802ರಲ್ಲಿ ಇಡೀ ದೇಶವನ್ನು ಒಂದು ಮಾಡಿ, ನಾಮ್ ವಿಯೆಟ್ ಎಂದು ಹೆಸರಿಡಲು ಚೀನಾದ ಒಪ್ಪಿಗೆ ಕೇಳಿದ. ಆ ಹಳೇ ರಾಜ್ಯದಲ್ಲಿ ಗುವಾಂಗ್‌ಡಾಂಗ್, ಗುವಾಂಗ್‌ಶಿ ಪ್ರಾಂತ್ಯಗಳೂ ಇದ್ದವಲ್ಲ, ಮುಂದೆ ಅದನ್ನೂ ಕೇಳಿಯಾನು ಎಂಬ ಅನುಮಾನ ಚೀನಾಕ್ಕೆ. ಹಿಂದುಮುಂದು ಮಾಡಿ ವಿಯೆಟ್ ನಾಮ್ ಎಂದು 1804ರಲ್ಲಿ ಒಪ್ಪಿದರು.

ಪ್ರಶ್ನೆ (ಮಾಜಿ ಸೈನಿಕ, ಕೊಡಗು): 1979ರ ಯುದ್ಧದ ಬಗ್ಗೆ ಹೇಳಿ. ಎರಡೂ ಕಮ್ಯುನಿಸ್ಟ್ ದೇಶ. ಅಮೆರಿಕದ ವಿರುದ್ಧ ಚೀನಾವೇ ವಿಯೆಟ್ನಾಂಗೆ ನೆರವು ಕೊಟ್ಟಿತ್ತು. ನಾಲ್ಕೇ ವರ್ಷದಲ್ಲಿ ಹೊಡೆದಾಟ ಹೇಗೆ?

ಉತ್ತರ: ನಮಸ್ಕಾರ ಸರ್. ಸ್ವಲ್ಪ ಹಿಂದಿನಿಂದ ಬರುತ್ತೇನೆ.

1884ರಲ್ಲಿ ಫ್ರೆಂಚರು ಹುವೆ ನಗರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ದಿನ, ಚೀನಾ ಚಕ್ರವರ್ತಿ ಕೊಟ್ಟಿದ್ದ ರಾಜಮುದ್ರೆಯನ್ನು ಎಲ್ಲರೆದುರು ಕರಗಿಸಿಬಿಟ್ಟರು. ಮರುವರ್ಷ ಚೀನಾ ಸೋತು ಅದನ್ನು ಒಪ್ಪಿಕೊಂಡಿತು. ಕಪ್ಪದ ಕಾಲ ಒಂದು ಒಲೆಯಲ್ಲಿ ಮುಗಿಯಿತು.

ಮುಂದೆ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಕಾಲ. 1950ರ ಜನವರಿ 18ರಂದು ಅವರ ಸರ್ಕಾರವನ್ನು ಮೊದಲು ಮಾನ್ಯ ಮಾಡಿದ್ದು ಮಾವೋ ಅವರ ಚೀನಾ. 1954ರಲ್ಲಿ ಫ್ರೆಂಚರ ವಿರುದ್ಧ ದಿಯೆನ್ ಬಿಯೆನ್ ಫು ಕದನ ಗೆಲ್ಲಲು ಚೀನಾದ ಫಿರಂಗಿ, ಲಾರಿ, ಸಲಹೆಗಾರರು ಬಹಳ ಮುಖ್ಯವಾಗಿದ್ದರು. ಅಮೆರಿಕದ ಬಾಂಬ್ ದಾಳಿಯ ಕಾಲದಲ್ಲಿ ಒಟ್ಟು 3,20,000 ಚೀನೀ ಸೈನಿಕರು ಸರದಿಯಲ್ಲಿ ಉತ್ತರ ವಿಯೆಟ್ನಾಂಗೆ ಬಂದು ರಸ್ತೆ, ರೈಲು ದುರಸ್ತಿ ಮಾಡಿದರು, ವಿಮಾನ ಹೊಡೆಯುವ ತೋಪು ನಡೆಸಿದರು. ಸಾವಿರಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. 'ತುಟಿ ಹೋದರೆ ಹಲ್ಲಿಗೆ ಚಳಿ' ಎಂಬ ಹಳೇ ಗಾದೆಯನ್ನು ಎರಡೂ ಕಡೆಯವರು ಹೇಳುತ್ತಿದ್ದರು. ಆ ಗಡಿ ಬಾಗಿಲಿನ ಹೆಸರನ್ನೂ ಬದಲಿಸಿದರು. 'ದಕ್ಷಿಣವನ್ನು ಅಡಗಿಸುವ ಬಾಗಿಲು' 1965ರಲ್ಲಿ 'ಸ್ನೇಹದ ಬಾಗಿಲು' ಆಯಿತು.

ಆದರೆ ಒಳಗೊಳಗೇ ಗಾಯ ಆಗುತ್ತಿತ್ತು. 1954ರ ಜಿನೀವಾ ಮಾತುಕತೆಯಲ್ಲಿ ದೇಶವನ್ನು 17ನೇ ಅಕ್ಷಾಂಶದಲ್ಲಿ ಒಡೆಯಲು ಒಪ್ಪಿ ಎಂದು ಚೀನಾದ ಪ್ರಧಾನಿ ಚೌ ಎನ್ ಲಾಯ್ ಒತ್ತಾಯಿಸಿದ್ದರು. 1972ರಲ್ಲಿ ಹನೋಯ್ ಇನ್ನೂ ಅಮೆರಿಕದ ಜೊತೆ ಸೆಣಸುತ್ತಿರುವಾಗಲೇ ನಿಕ್ಸನ್ ಬೀಜಿಂಗ್‌ನಲ್ಲಿ ಮಾವೋ ಕೈ ಕುಲುಕಿದರು. 1974ರ ಜನವರಿಯಲ್ಲಿ ಚೀನಾ ದಕ್ಷಿಣ ಚೀನಾ ಸಮುದ್ರದ ಪಾರಾಸೆಲ್ ದ್ವೀಪಗಳನ್ನು ದಕ್ಷಿಣ ವಿಯೆಟ್ನಾಂ ಕೈಯಿಂದ ಕಿತ್ತುಕೊಂಡಿತು. 1975ರಲ್ಲಿ ದೇಶ ಒಂದಾದ ಮೇಲೆ ಹನೋಯ್, ಆಗ ಚೀನಾಕ್ಕೆ ಶತ್ರುವಾಗಿದ್ದ ಸೋವಿಯತ್ ಒಕ್ಕೂಟದ ಕಡೆ ವಾಲಿತು. ಚೀನೀ ಮೂಲದ ಲಕ್ಷಾಂತರ ಜನ ವಿಯೆಟ್ನಾಂ ಬಿಟ್ಟು ಓಡಬೇಕಾಯಿತು. ಇದು ಹನೋಯ್ ಮಾಡಿದ ತಪ್ಪು, ಮುಚ್ಚಿಡಬೇಕಿಲ್ಲ. 1978ರ ನವೆಂಬರ್‌ನಲ್ಲಿ ಮಾಸ್ಕೋ ಜೊತೆ ಒಪ್ಪಂದ. ಡಿಸೆಂಬರ್ 25ರಂದು ವಿಯೆಟ್ನಾಂ ಸೈನ್ಯ ಕಾಂಬೋಡಿಯಾಕ್ಕೆ ನುಗ್ಗಿತು. ಪೋಲ್ ಪಾಟ್ ಸರ್ಕಾರ ಗಡಿಯ ಹಳ್ಳಿಗಳಲ್ಲಿ ವಿಯೆಟ್ನಾಂ ಜನರನ್ನು ಕೊಲ್ಲುತ್ತಿತ್ತು, ತನ್ನ ಜನರನ್ನಂತೂ ಲಕ್ಷಗಟ್ಟಲೆ ಕೊಂದಿತ್ತು. ಆದರೆ ಪೋಲ್ ಪಾಟ್ ಚೀನಾದ ಗೆಳೆಯ.

ಚೀನಾದ ಕಡೆಯಿಂದ ನೋಡಿದರೆ, ಇಪ್ಪತ್ತು ವರ್ಷ ಅಕ್ಕಿ, ಬಂದೂಕು, ರಕ್ತ ಕೊಟ್ಟವನು ತನ್ನ ಶತ್ರುವಿನ ಜೊತೆ ಸೇರಿದ. ಉಂಡ ಮನೆಗೆ ಎರಡು ಬಗೆದ ಎಂಬ ಸಿಟ್ಟು. 'ಪಾಠ ಕಲಿಸುತ್ತೇವೆ' ಎಂದರು ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್. 1979ರ ಫೆಬ್ರವರಿ 17ರಂದು ಎರಡು ಲಕ್ಷಕ್ಕೂ ಹೆಚ್ಚು ಸೈನಿಕರು ಗಡಿ ದಾಟಿದರು. ಆಗ ನಮ್ಮ ವಿದೇಶಾಂಗ ಸಚಿವ ವಾಜಪೇಯಿ ಚೀನಾ ಪ್ರವಾಸದಲ್ಲೇ ಇದ್ದರು. 1962ರ ನಂತರ ಮೊದಲ ಸಲ ಅಷ್ಟು ದೊಡ್ಡ ಮಟ್ಟದ ಭೇಟಿ. ಅವರು ಪ್ರವಾಸ ಮೊಟಕು ಮಾಡಿ ವಾಪಸ್ ಬಂದರು. ನಿಮ್ಮ ಪೀಳಿಗೆಯವರಿಗೆ ನೆನಪಿರಬಹುದು.

ವಿಯೆಟ್ನಾಂನ ಒಳ್ಳೆಯ ಪಡೆಗಳಲ್ಲಿ ಬಹಳಷ್ಟು ಕಾಂಬೋಡಿಯಾದಲ್ಲಿದ್ದವು. ಗಡಿಯಲ್ಲಿ ಬಹಳ ಕಡೆ ಎದುರಿಸಿದ್ದು ಸ್ಥಳೀಯ ದಳಗಳು, ಹಳ್ಳಿಯ ಗಂಡಸರು, ಹೆಂಗಸರು. ಮೂವತ್ತು ವರ್ಷ ಯುದ್ಧ ಮಾಡಿ ನುರಿತ ಜನ. ಚೀನಾದ ಸೈನ್ಯ ಕಾವೊ ಬಾಂಗ್, ಲಾವೊ ಕಾಯ್, ಲಾಂಗ್ ಸೋನ್ ಪಟ್ಟಣಗಳನ್ನು ಹಿಡಿಯಿತು, ಆದರೆ ಬಹಳ ಪೆಟ್ಟು ತಿಂದಿತು. ಮಾರ್ಚ್ 5ರಂದು ವಾಪಸಾತಿ ಸಾರಿ, 16ರ ಹೊತ್ತಿಗೆ ಮುಗಿಸಿತು. ಹೋಗುವಾಗ ಸೇತುವೆ, ಕಟ್ಟಡಗಳನ್ನು ಉರುಳಿಸಿ ಹೋದರು. ಎರಡೂ ಕಡೆ ಗೆದ್ದೆವು ಎಂದರು.

ಗೆದ್ದವರು ಯಾರು ಎಂದು ನೀವು ಕೇಳುತ್ತೀರಿ. ಕಾಂಬೋಡಿಯಾದಿಂದ ವಿಯೆಟ್ನಾಂ ಕದಲಲಿಲ್ಲ, ಹೊರಟದ್ದು 1989ರಲ್ಲಿ. ಆ ಲೆಕ್ಕದಲ್ಲಿ ಪಾಠ ನಡೆಯಲಿಲ್ಲ. ಆದರೆ ಸೋವಿಯತ್ ಸೈನ್ಯ ಸಹಾಯಕ್ಕೆ ಬರಲಿಲ್ಲ ಎಂಬುದು ಎಲ್ಲರಿಗೂ ಕಂಡಿತು. ಮುಂದಿನ ಹತ್ತು ವರ್ಷ ಗಡಿಯಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲ. ಬಡ ದೇಶವೊಂದು ಎರಡು ಕಡೆ ಸೈನ್ಯ ಸಾಕಿ ಹೈರಾಣಾಯಿತು. 1980ರ ಸಂವಿಧಾನದ ಪೀಠಿಕೆಯಲ್ಲೇ ಚೀನಾವನ್ನು ಶತ್ರುವೆಂದು ಬರೆದುಕೊಂಡಿದ್ದರು. 1988ರಲ್ಲಿ ಆ ಸಾಲನ್ನು ತೆಗೆದರು. 1990ರಲ್ಲಿ ಚೆಂಗ್ಡು ನಗರದಲ್ಲಿ ಗುಟ್ಟಾಗಿ ಮಾತುಕತೆ, 1991ರ ನವೆಂಬರ್‌ನಲ್ಲಿ ರಾಜಿ. ಕತ್ತಿ ಆಯಿತು, ಕಾಣಿಕೆ ಬೇರೆ ರೂಪದಲ್ಲಿ ಬಂತು. ಆಮೇಲೆ ಬಹಳ ಕಾಲ 1979ರ ಬಗ್ಗೆ ವಿಯೆಟ್ನಾಂ ಪತ್ರಿಕೆಗಳಲ್ಲಿ, ಶಾಲಾ ಪಾಠಗಳಲ್ಲಿ ಹೆಚ್ಚು ಮಾತಿರಲಿಲ್ಲ. ಸತ್ತವರ ಮನೆಯವರಿಗೆ ಅದು ದೊಡ್ಡ ನೋವು. ರಾಜಿಯ ಬೆಲೆಯನ್ನು ಕೊಡುವವರು ಹೆಚ್ಚಾಗಿ ಅವರೇ.

ಪ್ರಶ್ನೆ (ಗೃಹಿಣಿ, ಮಂಗಳೂರು): ಈಗ ಹೇಗಿದೆ ಮೇಡಂ? ನನ್ನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಆ ಸಮುದ್ರದಲ್ಲಿ ಹೋಗುವಾಗ ಹುಷಾರಾಗಿರಬೇಕು ಅನ್ನುತ್ತಾನೆ.

ಉತ್ತರ: ನೆಲದ ಗಡಿ ಬಗೆಹರಿದಿದೆ ಅಕ್ಕ. 1999ರಲ್ಲಿ ಒಪ್ಪಂದವಾಯಿತು, 2008ರ ಕೊನೆಗೆ ಗಡಿಕಲ್ಲು ನೆಟ್ಟು ಮುಗಿಸಿದರು. ಜಗಳ ಈಗ ನೀರಿನಲ್ಲಿದೆ. ಅದಕ್ಕೂ ಎರಡು ಹೆಸರು. ನಕ್ಷೆಯಲ್ಲಿ ನಾವು ದಕ್ಷಿಣ ಚೀನಾ ಸಮುದ್ರ ಎಂದು ಓದುತ್ತೇವೆ, ವಿಯೆಟ್ನಾಂ ಜನ ಅದನ್ನು ಪೂರ್ವ ಸಮುದ್ರ ಎನ್ನುತ್ತಾರೆ. 1988ರ ಮಾರ್ಚ್ 14ರಂದು ಅಲ್ಲಿಯ ಒಂದು ಹವಳದ ದಿಬ್ಬದ ಬಳಿ ಚೀನಾದ ನೌಕಾಪಡೆ ಗುಂಡು ಹಾರಿಸಿ 64 ವಿಯೆಟ್ನಾಂ ಸೈನಿಕರು ಸತ್ತರು. 2014ರ ಮೇನಲ್ಲಿ ಚೀನಾ ಪಾರಾಸೆಲ್ ಬಳಿ ತೈಲದ ರಿಗ್ ತಂದು ನಿಲ್ಲಿಸಿತು. ವಿಯೆಟ್ನಾಂನಲ್ಲಿ ಜನ ಬೀದಿಗಿಳಿದರು, ಕಾರ್ಖಾನೆಗಳಿಗೆ ಬೆಂಕಿ ಬಿತ್ತು. ಜುಲೈನಲ್ಲಿ ರಿಗ್ ವಾಪಸ್ ಹೋಯಿತು.

ಆದರೂ ವಿಯೆಟ್ನಾಂನ ಅತಿ ದೊಡ್ಡ ವ್ಯಾಪಾರ ಚೀನಾ ಜೊತೆಗೇ. ಅವರ ರಕ್ಷಣಾ ನೀತಿಯಲ್ಲಿ ನಾಲ್ಕು 'ಇಲ್ಲ'ಗಳಿವೆ. ಸೈನಿಕ ಕೂಟಕ್ಕೆ ಸೇರುವುದಿಲ್ಲ, ಒಬ್ಬರ ಜೊತೆ ಸೇರಿ ಇನ್ನೊಬ್ಬರ ಮೇಲೆ ಹೋಗುವುದಿಲ್ಲ, ಪರದೇಶದ ಸೈನ್ಯಕ್ಕೆ ನೆಲೆ ಕೊಡುವುದಿಲ್ಲ, ಮೊದಲಿಗೆ ಬಲ ಬಳಸುವುದಿಲ್ಲ. 2023ರಲ್ಲಿ ಏನಾಯಿತು ನೋಡಿ. ಜುಲೈನಲ್ಲಿ ಭಾರತ ತನ್ನ ಐಎನ್‌ಎಸ್ ಕೃಪಾಣ್ ಹಡಗನ್ನು ವಿಯೆಟ್ನಾಂಗೆ ಕೊಡುಗೆಯಾಗಿ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಹನೋಯ್‌ಗೆ ಬಂದರು. ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಬಂದರು. ಮೂವರಿಗೂ ಬಾಗಿಲು ತೆರೆದಿತ್ತು. ಇದನ್ನು ಅವರು ಬಿದಿರಿನ ರಾಜನೀತಿ ಎನ್ನುತ್ತಾರೆ. ಬೇರು ಗಟ್ಟಿ, ತುದಿ ಬಾಗುತ್ತದೆ. ಮಲೆನಾಡಿನ ಮಳೆಗಾಳಿಯಲ್ಲಿ ಬಿದಿರು ಮೆಳೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ನಿಮ್ಮ ತಮ್ಮ ಕ್ಷೇಮವಾಗಿರಲಿ. ಸಾಮಾನ್ಯ ಸರಕು ಹಡಗುಗಳು ಆ ದಾರಿಯಲ್ಲಿ ದಿನಾ ಓಡಾಡುತ್ತವೆ. ಕಷ್ಟ ಜಾಸ್ತಿ ಇರುವುದು ಪಾರಾಸೆಲ್ ಸುತ್ತ ಮೀನು ಹಿಡಿಯಲು ಹೋಗುವ ಸಣ್ಣ ದೋಣಿಗಳವರಿಗೆ.

ಪ್ರಶ್ನೆ (ಹನೋಯ್‌ನ ಎಂಜಿನಿಯರ್ ಮತ್ತೆ): ತುಂಬ ಥ್ಯಾಂಕ್ಸ್ ಮೇಡಂ. ಮುಂದಿನ ತಿಂಗಳು ಅಪ್ಪ ಅಮ್ಮ ಇಲ್ಲಿಗೆ ಬರುತ್ತಿದ್ದಾರೆ. ಇದನ್ನೆಲ್ಲ ಕಣ್ಣಾರೆ ತೋರಿಸಲು ಒಂದು ಜಾಗ ಹೇಳಿ.

ಉತ್ತರ: ಹಾ ಲಾಂಗ್ ಕೊಲ್ಲಿಗೆ ಹೇಗೂ ಕರೆದುಕೊಂಡು ಹೋಗುತ್ತೀರಿ. ದಾರಿಯಲ್ಲಿ ಕ್ವಾಂಗ್ ಯೆನ್ ಊರಿನಲ್ಲಿ ಇಳಿಯಿರಿ. ಯೆನ್ ಜಾಂಗ್ ಎಂಬಲ್ಲಿ 1953ರಲ್ಲಿ ಒಡ್ಡಿಗೆ ಮಣ್ಣು ಅಗೆಯುವಾಗ 1288ರ ಗೂಟಗಳು ಸಿಕ್ಕವು. ಕೆಸರಿನಲ್ಲಿ ಹುದುಗಿದ್ದರಿಂದ ಏಳುನೂರು ವರ್ಷವಾದರೂ ಮರ ಪೂರ್ತಿ ಕೊಳೆತಿಲ್ಲ. ಕೆಲವನ್ನು ನೆಟ್ಟ ಜಾಗದಲ್ಲೇ ಉಳಿಸಿ ಸುತ್ತ ಕಟ್ಟೆ ಕಟ್ಟಿದ್ದಾರೆ. ನೋಡಲು ಒಂದು ಸಣ್ಣ ಕೆರೆಯ ಹಾಗೆ ಇದೆ. ಅಪ್ಪ ಅಮ್ಮನಿಗೆ ಉಬ್ಬರ ಇಳಿತದ ಕಥೆಯನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ನೀರಿನಿಂದ ಎದ್ದ ನಾಲ್ಕು ಮೋಟು ಮರ ಕಾಣುತ್ತದೆ ಅಷ್ಟೇ.